ಚಳಿಗಾಲಕ್ಕೆ ಸ್ಕೀ, ಬೇಸಿಗೆಗೆ ಮೌಂಟನ್ ಬೈಕ್: ಸಿಯಾಟಲ್ ಸುತ್ತ ಗುಂಪಾಗಿ ಶುರುಮಾಡುವವರಿಗೆ ಏನು ಹೇಳ್ತೀರಿ?

ಪ್ರಶ್ನೆ

ನಾವು ನಾಲ್ವರು ಗೆಳೆಯರು, ರೆಡ್‌ಮಂಡ್‌ನಲ್ಲಿದ್ದೇವೆ. ರೆಸಾರ್ಟಿನ ನೀಲಿ ಗುರುತಿನ (ಮಧ್ಯಮ ಕಷ್ಟದ) ಇಳಿಜಾರುಗಳನ್ನು ಎಲ್ಲರೂ ಆರಾಮಾಗಿ ಇಳಿಯುತ್ತೇವೆ. ಈ ಸಲ ಲಿಫ್ಟ್ ಬಿಟ್ಟು, ಸ್ಕೀ ಅಡಿಗೆ ಸ್ಕಿನ್ (ಹಿಂದಕ್ಕೆ ಜಾರದಂತೆ ಹಿಡಿಯುವ ಬಟ್ಟೆಯ ಪಟ್ಟಿ) ಅಂಟಿಸಿಕೊಂಡು ನಾವೇ ಬೆಟ್ಟ ಹತ್ತಿ ಇಳಿಯುವ ಟೂರಿಂಗ್ ಶುರುಮಾಡೋಣ ಅಂತಿದ್ದೇವೆ. ಬೇಸಿಗೆಗೆ ಮೌಂಟನ್ ಬೈಕ್. ಮೊದಲು ಏನು ಕೊಳ್ಳಬೇಕು, ಯಾವಾಗ ಎಲ್ಲಿಗೆ ಹೋಗಬೇಕು, ಏನೇನು ಕೈಕೊಡುತ್ತದೆ? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಇಸ್ಸಾಕ್ವಾದಿಂದ

ಸ್ಕೀ, ಬೂಟು ಆಮೇಲೆ. ಮೊದಲು ನಾಲ್ವರೂ ಹಿಮಕುಸಿತದ ಲೆವೆಲ್ 1 ಕೋರ್ಸಿಗೆ ಸೇರಿ. ಮೂರು ದಿನದ್ದು. ಒಬ್ಬರು ಕಲಿತು ಉಳಿದವರಿಗೆ ಹೇಳಿಕೊಡೋಣ ಅಂದರೆ ಆಗದು. ಹಿಮದಡಿ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. ಮೊದಲ 10-15 ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಅದು ಸರ್ರನೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ. ಕಲಿತಿರುವ ಒಬ್ಬರೇ ಹಿಮದಡಿ ಹೋದರೆ ಹುಡುಕುವವರು ಯಾರು?

ತಲೆಗೊಂದು ಬೀಕನ್ (ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ರೇಡಿಯೊ ಸಾಧನ, ಮೂರು ಆಂಟೆನಾದ್ದು), ಕನಿಷ್ಠ 240 ಸೆಂ.ಮೀ. ಉದ್ದದ ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಮಡಚುವ ಕೋಲು), ಲೋಹದ ಸಲಿಕೆ. ಪ್ಲಾಸ್ಟಿಕ್ ಸಲಿಕೆ ಬೇಡ, ಕುಸಿದು ನಿಂತ ಹಿಮ ಕಾಂಕ್ರೀಟಿನಂತೆ ಗಟ್ಟಿಯಾಗುತ್ತದೆ. ಎಲ್ಲ ಬೀಕನ್ನೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಕಂಪನಿ ಬೇರೆಯಾದರೂ ತೊಂದರೆಯಿಲ್ಲ. ಫೋನು ಅದಕ್ಕೆ ಅಡ್ಡಿ ಮಾಡುತ್ತದೆ. ನಡೆಯುವಾಗ ಎರಡರ ನಡುವೆ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ಅಂತರವಿರಲಿ.

ತಿಂಗಳಿಗೊಮ್ಮೆಯಾದರೂ ಪಾರ್ಕಿನಲ್ಲಿ ಒಂದು ಬೀಕನ್ ಹೂತಿಟ್ಟು ಹುಡುಕಿ. ಹೊಸಬರು ಎಡವುವುದು ಕೊನೆಯ ಮೂರು ಮೀಟರಿನಲ್ಲಿ. ಅಲ್ಲಿಯವರೆಗೆ ಓಡಿ ಬಂದವರು ಅದೇ ವೇಗದಲ್ಲಿ ಬೀಕನ್ ಬೀಸುತ್ತಾರೆ, ದೂರ ತೋರಿಸುವ ಅಂಕಿ ಕುಣಿಯುತ್ತದೆ, ಗೊಂದಲ. ಅಲ್ಲಿ ಬೀಕನ್ನನ್ನು ಹಿಮಕ್ಕೆ ತಾಗಿಸಿ, ತಿರುಗಿಸದೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಿಧಾನವಾಗಿ ಸರಿಸಿ. ಅತಿ ಕಡಿಮೆ ಅಂಕಿ ತೋರಿದ ಜಾಗದಿಂದ ಪ್ರೋಬ್ ಶುರು. ಇಳಿಜಾರಿಗೆ ಲಂಬವಾಗಿ ಚುಚ್ಚುತ್ತಾ, 25 ಸೆಂ.ಮೀ. ಅಂತರದಲ್ಲಿ ಸುರುಳಿ ಸುತ್ತುತ್ತಾ ಹೋಗಿ. ತಗುಲಿದರೆ ಪ್ರೋಬ್ ಅಲ್ಲೇ ಇರಲಿ. ಎಷ್ಟು ಆಳವಿದೆಯೋ ಅದರ ಒಂದೂವರೆ ಪಟ್ಟು ದೂರ ಕೆಳಗಡೆಗೆ ಇಳಿದು, ಅಲ್ಲಿಂದ ಒಳಕ್ಕೆ ಅಗೆಯಿರಿ. ನೇರ ಮೇಲಿನಿಂದ ತೋಡಿದರೆ ಉಸಿರಾಟಕ್ಕೆ ಉಳಿದಿರುವ ಅಷ್ಟಿಷ್ಟು ಜಾಗವೂ ಮುಚ್ಚಿಹೋಗುತ್ತದೆ.

ಹೊರಡುವ ಹಿಂದಿನ ರಾತ್ರಿಯೂ ಬೆಳಗ್ಗೆಯೂ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಮುನ್ಸೂಚನೆ ಓದಿ. ಅಪಾಯದ ಮಟ್ಟದ ಅಂಕಿ ನೋಡಿ ಬಿಟ್ಟುಬಿಡಬೇಡಿ, ಯಾವ ದಿಕ್ಕಿನ, ಯಾವ ಎತ್ತರದ ಇಳಿಜಾರಿನಲ್ಲಿ ಯಾವ ಬಗೆಯ ಅಪಾಯ ಅಂತ ಬರೆದಿರುವುದೇ ಮುಖ್ಯ. 5 ಹಂತಗಳ ಅಳತೆಯಲ್ಲಿ 3 ಅಂದರೆ ನಡುವಿನದು, ಪರವಾಗಿಲ್ಲ ಅಂತ ಅನ್ನಿಸುತ್ತದೆ. ಹಾಗಲ್ಲ, ಸಾವುಗಳು ಹೆಚ್ಚಾಗಿ ಆಗುವುದು ಆ 3ರ ದಿನಗಳಲ್ಲೇ. ಮೊದಲ ವರ್ಷ 30 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲೇ ಇರಿ. ಕಡಿದಾದ ಇಳಿಜಾರಿನ ಬುಡವೂ ಅಪಾಯದ ಜಾಗವೇ, ನೀವು ನಿಂತ ನೆಲ ಸಪಾಟಾಗಿದ್ದರೂ ಮೇಲಿನಿಂದ ಬರುತ್ತದೆ.

ಎವರೆಟ್‌ನಿಂದ

ಮೇಲೆ ಬರೆದಿದ್ದಕ್ಕೆ ನನ್ನದೂ ಒಪ್ಪಿಗೆ. ಒಂದು ಸೇರಿಸುತ್ತೇನೆ: ನಾಲ್ವರಲ್ಲಿ ಒಬ್ಬರು ಬೇಡ ಅಂದರೆ ಬೇಡ, ಕಾರಣ ಕೇಳಿ ಕಾಡಬಾರದು. ಇದನ್ನು ಕಾರಿನಲ್ಲೇ ಮಾತಾಡಿಕೊಳ್ಳಿ. ನಾಲ್ಕು ಗಂಟೆ ಹತ್ತಿದ ಮೇಲೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಬೂಟಿಗೆ ದುಡ್ಡು ಹಾಕಿ, ಸ್ಕೀ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಬೀಕನ್ ಮಾತ್ರ ಹಳೆಯದು ಬೇಡ. ಪಿನ್ ಬೈಂಡಿಂಗ್‌ನ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ಮುಂಭಾಗ ಹತ್ತುವಾಗ ಲಾಕ್ ಆಗಿರಬೇಕು, ಇಳಿಯುವಾಗ ಲಾಕ್ ತೆಗೆದಿರಬೇಕು. ಲಾಕ್‌ನಲ್ಲೇ ಇಳಿದರೆ ಬಿದ್ದಾಗ ಸ್ಕೀ ಬಿಡಿಸಿಕೊಳ್ಳದೆ ಮೊಣಕಾಲು ತಿರುಚುತ್ತದೆ. ಬೂಟು ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಹತ್ತಕ್ಕೆ ಒಂಬತ್ತು ಸಲ ಮುಂದಿನ ಸ್ಪ್ರಿಂಗ್‌ಗಳ ಅಡಿ ಮಂಜುಗಡ್ಡೆ ಸೇರಿರುತ್ತದೆ, ಕೋಲಿನ ತುದಿಯಿಂದ ಕೆರೆದು ತೆಗೆಯಿರಿ.

ಕ್ಯಾಸ್ಕೇಡ್ ಬೆಟ್ಟಗಳ ಹಿಮ ತೇವದ್ದು. ತಾಪಮಾನ ಸೊನ್ನೆಯ ಆಸುಪಾಸಿನಲ್ಲಿದ್ದಾಗ ಸ್ಕಿನ್ ನೀರು ಹೀರಿ, ನೆರಳಿಗೆ ಹೋದ ಕೂಡಲೇ ಅದಕ್ಕೆ ಹಿಮ ಮೆತ್ತಿಕೊಂಡು ಸ್ಕೀ ಒಂದೊಂದೂ ಮಣಭಾರ. ಮನೆಯಲ್ಲೇ ಸ್ಕಿನ್ ವ್ಯಾಕ್ಸ್ ಉಜ್ಜಿಕೊಂಡು ಹೊರಡಿ, ವ್ಯಾಕ್ಸಿನ ಒಂದು ತುಂಡೂ ಜೇಬಿನಲ್ಲಿರಲಿ. ಸ್ಕಿನ್ ಕತ್ತರಿಸುವಾಗ ಎರಡೂ ಬದಿ ಸ್ಕೀಯ ಲೋಹದ ಅಂಚು ಕಾಣುವಷ್ಟು ಬಿಡಿ, ಇಲ್ಲದಿದ್ದರೆ ಗಟ್ಟಿ ಹಿಮದಲ್ಲಿ ಅಡ್ಡ ನಡೆಯುವಾಗ ಜಾರುತ್ತದೆ. ಎರಡನೇ ಸಲ ಹತ್ತುವುದಿದ್ದರೆ ಇಳಿಯುವಾಗ ಸ್ಕಿನ್ ಜಾಕೆಟ್ಟಿನೊಳಗೆ ಎದೆಗೆ ಒತ್ತಿಕೊಂಡಿರಲಿ, ತಣ್ಣಗಾದ ಅಂಟು ಹಿಡಿಯುವುದಿಲ್ಲ. ಹಿಡಿಯಲೇ ಇಲ್ಲ ಅಂದರೆ ರಬ್ಬರಿನ ಸ್ಕೀ ಸ್ಟ್ರ್ಯಾಪ್‌ನಿಂದ ಸುತ್ತಿ ಕಟ್ಟಿ. ತಲೆಗೆ ನಾಲ್ಕು ಸ್ಟ್ರ್ಯಾಪ್ ಇಟ್ಟುಕೊಳ್ಳಿ, ಮುರಿದ ಬೂಟಿನ ಬಕಲ್‌ಗೂ ಅದೇ ಗತಿ.

ಟಕೋಮಾದಿಂದ

ಮೌಂಟ್ ರೈನಿಯರ್‌ನ ಪ್ಯಾರಡೈಸ್ ಹೊಸಬರಿಗೂ ಒಳ್ಳೆಯ ಜಾಗ, ಆದರೆ ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ದಾರಿಯ ಲಾಂಗ್‌ಮೈರ್ ಗೇಟು ರಾತ್ರಿ ಮುಚ್ಚುತ್ತದೆ. ಸಂಜೆ ಮುಚ್ಚುವ ಹೊತ್ತನ್ನು ಮೊದಲೇ ನೋಡಿಕೊಂಡು, ತಿರುಗುವ ಗಂಟೆಯನ್ನು ಅದರಿಂದ ಲೆಕ್ಕ ಹಾಕಿ. ನವೆಂಬರ್ 1ರಿಂದ ಮೇ 1ರವರೆಗೆ ಪಾರ್ಕಿನೊಳಗೆ ಪ್ರತಿ ಗಾಡಿಯಲ್ಲೂ ಟೈರ್ ಚೈನ್ ಇರಲೇಬೇಕು, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಯಾದರೂ ಸರಿ. ಮನೆ ಮುಂದೆ ಒಮ್ಮೆ ಹಾಕಿ ಬಿಚ್ಚಿ ನೋಡಿ. ಬೆಟ್ಟದಲ್ಲಿ ಮೋಡ ಕವಿದರೆ ಹತ್ತು ಅಡಿ ಮುಂದೆ ಕಾಣುವುದಿಲ್ಲ, ಆಫ್‌ಲೈನ್ ನಕ್ಷೆಯಲ್ಲಿ ಹತ್ತಿದ ದಾರಿ ದಾಖಲಾಗುತ್ತಿರಲಿ.

ಮರಗಳ ನಡುವೆ ಇಳಿದರೆ ಹಿಮಕುಸಿತದ ಭಯವಿಲ್ಲ ಅಂತ ಕೆಲವರು ಹೇಳುತ್ತಾರೆ. ಪೂರಾ ನಿಜವಲ್ಲ, ಜೊತೆಗೆ ಇಲ್ಲಿ ಇನ್ನೊಂದು ಅಪಾಯವಿದೆ. ದೊಡ್ಡ ಫರ್ ಮರಗಳ ಕೊಂಬೆಯಡಿ ಬುಡದ ಸುತ್ತ ಸಡಿಲ ಹಿಮದ ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದವರು ತಾವಾಗಿ ಹೊರಬರುವುದು ಬಹಳ ಕಷ್ಟ. ಇಬ್ಬಿಬ್ಬರು ಜೋಡಿಯಾಗಿ, ಒಬ್ಬರಿಗೊಬ್ಬರು ಕಾಣುವಂತೆ ಇಳಿಯಿರಿ, ಸೀಟಿ ಬಾಯಿಗೆ ಎಟುಕುವಂತಿರಲಿ.

ಏಪ್ರಿಲ್ ಮೇ ತಿಂಗಳು ನನಗೆ ಅತ್ಯಂತ ಇಷ್ಟ. ರಾತ್ರಿ ಗಡ್ಡೆಕಟ್ಟಿದ ಹಿಮದ ಮೇಲ್ಪದರ ಬಿಸಿಲಿಗೆ ಒಂದೆರಡು ಸೆಂ.ಮೀ. ಮೆದುವಾದಾಗ ಇಳಿಯುವುದಕ್ಕೆ ಸಮನಾದದ್ದಿಲ್ಲ. ಬೂಟು ಪಾದದ ಗಂಟಿನವರೆಗೆ ಹೂತುಹೋಗುತ್ತಿದೆ ಅಂದರೆ ತಡವಾಯಿತು, ಒದ್ದೆ ಹಿಮ ಜಾರಲು ಶುರು. ಮೌಂಟ್ ಸೇಂಟ್ ಹೆಲೆನ್ಸ್‌ಗೆ (8,363 ಅಡಿ) ಮಾರ್ಬಲ್ ಮೌಂಟನ್ ಸ್ನೋ-ಪಾರ್ಕಿನಿಂದ (ಚಳಿಗಾಲದಲ್ಲಿ ಗಾಡಿ ನಿಲ್ಲಿಸುವ ಜಾಗ) ವರ್ಮ್ ಫ್ಲೋಸ್ ದಾರಿ, ಸುಮಾರು 5,700 ಅಡಿ ಏರು. ನಸುಕಿಗೆ ಮುಂಚೆ ಹೊರಡಬೇಕು. ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ, ಪರ್ಮಿಟ್ ಮೊದಲೇ ತೆಗೆದುಕೊಳ್ಳಿ. ತುದಿಯಲ್ಲಿ ಜ್ವಾಲಾಮುಖಿ ಬಾಯಿಯ ಅಂಚಿಗೆ ಫೋಟೋಗಾಗಿ ಹೋಗಲೇಬೇಡಿ. ನೆಲದಂತೆ ಕಂಡರೂ ಅದು ಗಾಳಿಗೆ ಚಾಚಿಕೊಂಡ ಬರೀ ಹಿಮ, ಅಡಿಯಲ್ಲಿ ಏನೂ ಇಲ್ಲ.

ಬೆಲಿಂಗ್‌ಹ್ಯಾಮ್‌ನಿಂದ

ಬೈಕಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕಲಿಯಲು ಇಸ್ಸಾಕ್ವಾ ಹತ್ತಿರದ ಡತಿ ಹಿಲ್ ಪಾರ್ಕ್. ಹಸಿರು (ಸುಲಭ), ನೀಲಿ (ಮಧ್ಯಮ), ಕಪ್ಪು (ಕಷ್ಟ) ದಾರಿಗಳು ಒಂದೇ ಕಡೆ. ಕೈ ಕುದುರಿದ ಮೇಲೆ ಟೈಗರ್ ಮೌಂಟನ್ (ಗಾಡಿ ನಿಲ್ಲಿಸಲು ರಾಜ್ಯದ ಡಿಸ್ಕವರ್ ಪಾಸ್ ಬೇಕು), ಆಮೇಲೆ ನಮ್ಮೂರಿನ ಗಾಲ್ಬ್ರೈತ್ ಬೆಟ್ಟ.

ಟ್ಯೂಬ್‌ಲೆಸ್ ಮಾಡಿಸಿ. 29 ಇಂಚಿನ, 2.4 ಅಗಲದ ಟೈರಿಗೆ ಸುಮಾರು 100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ), ಮೂರ್ನಾಲ್ಕು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು, ಒಣಗಿಹೋಗುತ್ತದೆ. 75 ಕಿಲೋ ತೂಕದವರು ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಶುರುಮಾಡಿ. ರಿಮ್ ಕಲ್ಲಿಗೆ ಬಡಿಯುತ್ತಿದ್ದರೆ ಒಂದೊಂದೇ ಏರಿಸಿ. ಅಂಗಡಿಯಿಂದ 35ಕ್ಕೆ ತುಂಬಿಸಿಕೊಂಡು ಬಂದು ಹಾಗೇ ಓಡಿಸಿದರೆ ಒದ್ದೆ ಬೇರಿನ ಮೇಲೆ ಹಿಡಿತವೇ ಇರದು. ಅಂಥ ಬೇರುಗಳನ್ನು ಆದಷ್ಟು ನೇರವಾಗಿ ದಾಟಿ, ಬ್ರೇಕ್ ಅದಕ್ಕಿಂತ ಮೊದಲೇ ಹಿಡಿದು ಬಿಟ್ಟಿರಬೇಕು.

ಸಸ್ಪೆನ್ಷನ್: ಬ್ಯಾಗು ಹೆಲ್ಮೆಟ್ಟು ಸಮೇತ ಪೆಡಲ್ ಮೇಲೆ ನಿಂತಾಗ ಹಿಂದಿನದು ಶೇ. 25-30, ಮುಂದಿನದು ಶೇ. 15-20 ಕುಗ್ಗಬೇಕು. ಇಲ್ಲಿನ ಮಳೆಗಾಲದ ಕೆಸರಿಗೆ ರೆಸಿನ್ ಬ್ರೇಕ್ ಪ್ಯಾಡ್ ಬಹಳ ಬೇಗ ಸವೆಯುತ್ತದೆ, ಅಕ್ಟೋಬರಿನಲ್ಲಿ ಲೋಹದ ಪ್ಯಾಡ್ ಹಾಕಿಸಿ. ಚೈನಿನ ಸವೆತ ಅಳತೆಗೋಲಿನಲ್ಲಿ 0.5 ತೋರಿದ ಕೂಡಲೇ ಚೈನ್ ಬದಲಿಸಿ, ತಡಮಾಡಿದರೆ ದುಬಾರಿಯ ಕ್ಯಾಸೆಟ್ಟನ್ನೂ (ಹಿಂದಿನ ಗೇರ್ ಚಕ್ರಗಳು) ತಿಂದುಹಾಕುತ್ತದೆ.

ಗುಂಪಿಗೆ ಒಂದು ಪಂಪು, ಟೈರ್ ಪ್ಲಗ್, ಒಂದು ಟ್ಯೂಬ್, ಮಲ್ಟಿಟೂಲ್ ಸಾಕು. ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ತುಂಡು) ಮಾತ್ರ ನಾಲ್ವರೂ ತಮ್ಮ ತಮ್ಮ ಫ್ರೇಮಿನದೇ ಇಟ್ಟುಕೊಳ್ಳಿ, ಒಬ್ಬರದು ಇನ್ನೊಬ್ಬರಿಗೆ ಕೂರುವುದು ಅಪರೂಪ. ಚೈನ್ ಜೋಡಿಸುವ ಕ್ವಿಕ್ ಲಿಂಕ್ ಕೂಡ 12 ಸ್ಪೀಡಿಗೆ 12ರದ್ದೇ. ಆಗಸ್ಟ್ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ಬಂದರೆ ಗಾಳಿಯ ಸೂಚ್ಯಂಕ ನೋಡಿ, 150 ದಾಟಿದ ದಿನ ಮನೆಯಲ್ಲಿ ಬೈಕ್ ತೊಳೆಯಿರಿ.

ಕರ್ಕ್‌ಲ್ಯಾಂಡ್‌ನಿಂದ

ಎರಡು ಚಿಕ್ಕ ವಿಷಯ. ಎನರ್ಜಿ ಬಾರ್‌ಗಳು ಚಳಿಗೆ ಕಲ್ಲಾಗುತ್ತವೆ. ತುಪ್ಪ ಚಟ್ನಿಪುಡಿ ಸವರಿ ಸುತ್ತಿದ ಚಪಾತಿ ಕೈಗವಸು ಹಾಕಿಕೊಂಡೇ ತಿನ್ನಬಹುದು, ಫ್ಲಾಸ್ಕಿನಲ್ಲಿ ಬಿಸಿ ತಿಳಿಸಾರು ಇದ್ದರೆ ಉಪ್ಪೂ ಸಿಕ್ಕಿತು ನೀರೂ ಸಿಕ್ಕಿತು. ಬ್ಯಾಗಿನಿಂದ ನೀರು ಕುಡಿಯುವ ಪೈಪ್ ಹೆಪ್ಪುಗಟ್ಟುತ್ತದೆ, ಚಳಿಗಾಲಕ್ಕೆ ಬಾಟಲಿಯೇ ಸರಿ.

ಚಳಿಗಾಲ ಮುಗಿದು ಸ್ಕೀ ಎತ್ತಿಡುವಾಗ ಬೀಕನ್‌ನ ಬ್ಯಾಟರಿ ಬಿಚ್ಚಿಡಿ, ಸೋರಿದರೆ ಒಳಗಿನ ಲೋಹದ ತುದಿಗಳು ಹಾಳು. ಸ್ಕಿನ್ ಪೂರ್ತಿ ಒಣಗಿಸಿ ತಂಪಾದ ಕಡೆ ಇಡಿ, ಕಾರಿನ ಡಿಕ್ಕಿಯಲ್ಲಿ ಬೇಡ. ಸ್ಕೀ ಅಡಿಗೆ ದಪ್ಪಗೆ ಮೇಣ ಸವರಿ ಕೆರೆಯದೆ ಬಿಡಿ, ಅಂಚಿಗೆ ತುಕ್ಕು ಹಿಡಿಯುವುದಿಲ್ಲ. ನವೆಂಬರಿನಲ್ಲಿ ಹೊಸ ಬ್ಯಾಟರಿ, ಕಂಪನಿ ಹೇಳಿದ ಬಗೆಯದೇ, ಸಾಮಾನ್ಯವಾಗಿ ಆಲ್ಕಲೈನ್. ರೀಚಾರ್ಜ್ ಮಾಡುವಂಥದ್ದು ಹಾಕಿದರೆ ಶೇಕಡಾವಾರು ತಪ್ಪಾಗಿ ತೋರಿಸಿ ನಡುವೆಯೇ ನಿಂತುಹೋಗಬಹುದು.