ಐಸಿಯು ನರ್ಸ್‌ಗೆ ಯಾವ ಡಾಕ್ಟರೇಟ್? ಪಿಎಚ್‌ಡಿಯಾ, ಡಿಎನ್‌ಪಿಯಾ?

ಪ್ರಶ್ನೆ (ಐಸಿಯು ನರ್ಸ್, ಮಂಗಳೂರು):
ಮೇಡಂ, ನಾನು ಮೆಡಿಕಲ್ ಸರ್ಜಿಕಲ್‌ನಲ್ಲಿ ಎಂಎಸ್‌ಸಿ ನರ್ಸಿಂಗ್ ಮಾಡಿದ್ದೇನೆ. ಐಸಿಯುನಲ್ಲಿ ಎಂಟು ವರ್ಷ ಆಯ್ತು. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್) ಮಾಡು ಅಂತಾಳೆ, ಇಲ್ಲಿ ಕಾಲೇಜು ಸೇರಿದ ಗೆಳತಿಯರು ಪಿಎಚ್‌ಡಿ ಮಾಡು ಅಂತಾರೆ. ಎರಡೂ ಡಾಕ್ಟರೇಟೇ ಅಲ್ವಾ? ನನಗೆ ಪಾಠ ಮಾಡುವ ಆಸೆ ಅಷ್ಟೇನೂ ಇಲ್ಲ, ಪೇಷಂಟ್ ಹತ್ತಿರವೇ ಇರಬೇಕು. ಮತ್ತೆ ವಾಟ್ಸಾಪ್‌ನಲ್ಲಿ "ಒಂದೇ ವರ್ಷದಲ್ಲಿ ಆನ್‌ಲೈನ್ ಪಿಎಚ್‌ಡಿ" ಅಂತಲೂ ಒಂದು ಬಂದಿದೆ.

ಉತ್ತರ (ನರ್ಸಿಂಗ್ ಅಧ್ಯಾಪಕಿ, ಉಡುಪಿ):
ಆ ವಾಟ್ಸಾಪ್ ಮೆಸೇಜನ್ನು ಮೊದಲು ಡಿಲೀಟ್ ಮಾಡಿ ಮಾರಾಯ್ರೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕಡಿಮೆ ಎಂದರೂ 3 ವರ್ಷ ಬೇಕು, ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಮಾಡುವ ಹಾಗೇ ಇಲ್ಲ.

ಎರಡೂ ಡಾಕ್ಟರೇಟ್ ಹೌದು, ಆದರೆ ಕೆಲಸ ಬೇರೆ. ನಿಮ್ಮ ಐಸಿಯುನಲ್ಲಿ ಬೆಡ್ ಸೋರ್ ಜಾಸ್ತಿ ಆಗ್ತಿದೆ ಅಂತ ಇಟ್ಟುಕೊಳ್ಳಿ. ಪಿಎಚ್‌ಡಿ ಮಾಡುವವರು ಅದು ಯಾಕೆ ಆಗ್ತಿದೆ, ಯಾರಿಗೆ ಜಾಸ್ತಿ, ಇದುವರೆಗೆ ಯಾರಿಗೂ ಗೊತ್ತಿಲ್ಲದ್ದು ಏನು ಅಂತ ಹುಡುಕಿ ಪ್ರಬಂಧ ಬರೆಯುತ್ತಾರೆ. ಡಿಎನ್‌ಪಿಯವರು ಈಗಾಗಲೇ ಗೊತ್ತಿರುವುದನ್ನೇ ತೆಗೆದುಕೊಂಡು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನೈಟ್ ಶಿಫ್ಟ್‌ನಲ್ಲಿ ಯಾಕೆ ತಪ್ಪುತ್ತಿದೆ ಅಂತ ನೋಡಿ, ವಾರ್ಡಿನ ಪದ್ಧತಿ ಬದಲಿಸಿ, ಬೆಡ್ ಸೋರ್ ಎಷ್ಟು ಕಡಿಮೆಯಾಯ್ತು ಅಂತ ಅಳೆದು ತೋರಿಸುತ್ತಾರೆ. ಅದೇ ಅವರ ಪ್ರಾಜೆಕ್ಟ್. ಜೊತೆಗೆ ಬಿಎಸ್‌ಸಿ ನಂತರ ಒಟ್ಟು 1000 ಗಂಟೆ ಪ್ರಾಕ್ಟೀಸ್ ತೋರಿಸಬೇಕು. ಸುಮ್ನೆ ಪುಸ್ತಕ ಓದಿ ಬರುವ ಡಿಗ್ರಿ ಅಲ್ಲ.

ನೀವು ಹೇಳಿದ್ದನ್ನು ಕೇಳಿದರೆ ನಿಮ್ಮ ಮನಸ್ಸು ಡಿಎನ್‌ಪಿ ಕಡೆಗೇ ಉಂಟು. ತೊಂದರೆ ಏನೆಂದರೆ ಅದು ಅಮೆರಿಕದ ವ್ಯವಸ್ಥೆಗೆ ಹೊಲಿದ ಅಂಗಿ. ಅಲ್ಲಿ ನರ್ಸ್ ಪ್ರಾಕ್ಟೀಷನರ್ (ರೋಗಿಯನ್ನು ಪರೀಕ್ಷಿಸಿ ಮದ್ದು ಬರೆಯುವ ನರ್ಸ್), ಅರಿವಳಿಕೆ ಕೊಡುವ ನರ್ಸ್, ನರ್ಸ್ ಮಿಡ್‌ವೈಫ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಅಂತ ನಾಲ್ಕು ಹುದ್ದೆಗಳಿಗೆ ರಾಜ್ಯಗಳೇ ಲೈಸೆನ್ಸ್ ಕೊಡುತ್ತವೆ. ಅದೇ ಡಿಗ್ರಿ ಹಿಡಿದು ನೀವು ಮಂಗಳೂರಿಗೆ ವಾಪಸ್ ಬಂದರೆ, ಅದರ ಬಲದ ಮೇಲೆ ಸ್ವಂತವಾಗಿ ಮದ್ದು ಬರೆಯುವ ಹಕ್ಕು ಇಲ್ಲಿ ಸಿಗುವುದಿಲ್ಲ. ಹೆಸರಿನ ಮುಂದೆ "ಡಾ." ಬರಬಹುದು, ಡ್ಯೂಟಿ ಅದೇ.

ಪ್ರಶ್ನೆ ಕೇಳಿದವರು:
ಅಯ್ಯೋ, ಅಷ್ಟೇನಾ! ಅಮೆರಿಕಕ್ಕೆ ಹೋಗುವುದಾದರೆ ಡಿಎನ್‌ಪಿ ಕಡ್ಡಾಯವಾ? ತಂಗಿ ಕಡ್ಡಾಯ ಅಂತಾಳೆ.

ಉತ್ತರ:
ತಂಗಿ ಹೇಳಿದ್ದು ಅರ್ಧ ಸರಿ. 2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ, 2015ರೊಳಗೆ ಈ ನಾಲ್ಕೂ ಹುದ್ದೆಗೆ ಮಾಸ್ಟರ್ಸ್ ಬದಲು ಡಾಕ್ಟರೇಟೇ ಬೇಕು ಅಂತ ನಿರ್ಣಯ ಮಾಡಿತು. ಆದರೆ ಅದು ಕಾನೂನಲ್ಲ. 2015 ಬಂತು, ಹೋಯ್ತು. ನರ್ಸ್ ಪ್ರಾಕ್ಟೀಷನರ್‌ಗಳು ಆಮೇಲೂ ಮಾಸ್ಟರ್ಸ್‌ನಲ್ಲೇ ಲೈಸೆನ್ಸ್ ತೆಗೆದುಕೊಂಡಿದ್ದಾರೆ. ಕಡ್ಡಾಯ ಆಗಿದ್ದು ಅರಿವಳಿಕೆ ನರ್ಸ್‌ಗಳಿಗೆ. 2022ರ ಜನವರಿಯಿಂದ ಆ ಕೋರ್ಸಿಗೆ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದಲ್ಲೇ ಸೇರಬೇಕು. ಅದಕ್ಕೆ ಐಸಿಯು ಅನುಭವವೂ ಬೇಕು, ಆ ಲೆಕ್ಕದಲ್ಲಿ ನಿಮ್ಮ ದಾರಿ ಚೆನ್ನಾಗಿದೆ. ಆದರೆ ಕ್ರಮ ತಪ್ಪಿಸಬೇಡಿ. ಮೊದಲು ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಸಿಎಲ್‌ಇಎಕ್ಸ್ ಪಾಸಾಗಿ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್, ಆಮೇಲೆ ಡಿಎನ್‌ಪಿ ಮಾತು. ಲೈಸೆನ್ಸ್ ಕೇಳದೆ ಫೀಸ್ ಕೇಳುವ ಏಜೆಂಟ್ ಸಿಕ್ಕಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇನ್ನೊಬ್ಬರು (ಸ್ಟಾಫ್ ನರ್ಸ್, ಕುಂದಾಪುರ):
ಮೇಡಂ, ನನಗೆ ಊರು ಬಿಡಲಿಕ್ಕೆ ಆಗುವುದಿಲ್ಲ, ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಬಿಎಸ್‌ಸಿ ಆಗಿದೆ. ಇಲ್ಲಿ ಏನುಂಟು?

ಉತ್ತರ:
ಕ್ರಿಟಿಕಲ್ ಕೇರ್ ಇಷ್ಟ ಇದ್ದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಎನ್‌ಪಿಸಿಸಿ (ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್) ಕೋರ್ಸ್ ಉಂಟು. ಬಿಎಸ್‌ಸಿ ಮೇಲೆ 2 ವರ್ಷದ ರೆಸಿಡೆನ್ಸಿ, ಹೆಚ್ಚಿನ ಪಾಲು ಐಸಿಯುನಲ್ಲೇ ಕಲಿಯುವುದು. ಮಾಸ್ಟರ್ಸ್ ಮಟ್ಟದ್ದು, ಡಾಕ್ಟರೇಟ್ ಅಲ್ಲ. ಹೆರಿಗೆ ಕಡೆ ಒಲವಿದ್ದರೆ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫರಿ, 18 ತಿಂಗಳು. ಡಾಕ್ಟರೇಟೇ ಬೇಕು ಅಂದರೆ ಎಂಎಸ್‌ಸಿ ಮುಗಿಸಿ ಪಿಎಚ್‌ಡಿ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲೂ ಉಂಟು, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಜೊತೆ ಸೇರಿ ಕೌನ್ಸಿಲ್ ನಡೆಸುವ ರಾಷ್ಟ್ರೀಯ ಒಕ್ಕೂಟದ್ದೂ ಉಂಟು. ಪಾರ್ಟ್ ಟೈಮ್ ಮಾಡುವುದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶ ಇದೆ, ನೀವು ಕೆಲಸ ಮಾಡುವ ಆಸ್ಪತ್ರೆ ಎನ್ಒಸಿ ಕೊಡಬೇಕು. ಈ ಎನ್ಒಸಿಗೇ ನಾನು ಏಳು ತಿಂಗಳು ಅಲೆದಿದ್ದೆ, ಹಾಗಾಗಿ ಗೈಡ್ ಹುಡುಕುವ ಮೊದಲೇ ಆ ಪತ್ರಕ್ಕೆ ಅರ್ಜಿ ಹಾಕಿಬಿಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ಪಿಎಚ್‌ಡಿ ಸದ್ಯಕ್ಕೆ ಬೇಡ. ಎನ್‌ಸಿಎಲ್‌ಇಎಕ್ಸ್ ಪುಸ್ತಕ ತರಿಸ್ತೇನೆ. ನಿಮ್ಮನ್ನು ವಾರ್ಡಲ್ಲಿ "ಡಾಕ್ಟ್ರೇ" ಅಂತ ಕರೀತಾರಾ?

ಉತ್ತರ:
ಮೊನ್ನೆ ಸ್ಟೂಡೆಂಟ್ಸ್ ಜೊತೆ ರೌಂಡ್ಸ್ ಹೋದಾಗ ಒಬ್ಬ ಅಜ್ಜಿ ನನ್ನ ಬ್ಯಾಡ್ಜ್ ನೋಡಿ "ಡಾಕ್ಟ್ರೇ, ಡಿಸ್ಚಾರ್ಜ್ ಯಾವಾಗ?" ಅಂದರು. ನಾನು ನರ್ಸ್ ಅಜ್ಜಿ, ಅಂದೆ. "ಹಾಗಾದ್ರೆ ಈ ದಿಂಬು ಸ್ವಲ್ಪ ಸರಿ ಮಾಡು ಮಗಾ" ಅಂದರು.