ಸಹಾಯ ಬೇಕು: ನರ್ಸಿಂಗ್ ಸೀಟಿಗೆ ಕಾಯುವವರ ರಾತ್ರಿ ಹೊತ್ತಿನ ಆತಂಕ

ನರ್ಸಿಂಗ್ ಪ್ರವೇಶಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇವೆ. ಒಂದು ಕಡೆ ನಿಂತುಹೋಗಿದೆ, ದಯವಿಟ್ಟು ನೋಡಿ ಹೇಳಿ.

ಹಗಲಿನ ಭಾಗ ಮುಗಿದಿದೆ. ಇಮೇಲ್ ದಿನಕ್ಕೆ 2 ಸಲ ಮಾತ್ರ, ನಿಗದಿತ ಹೊತ್ತಿಗೆ. ಪದೇ ಪದೇ ನೋಡಿದರೆ ಕ್ಷಣಕಾಲ ನಿರಾಳ ಸಿಗುತ್ತದೆ, ಆ ನಿರಾಳವೇ ಮತ್ತೆ ನೋಡುವ ಚಟವನ್ನು ಬೆಳೆಸುತ್ತದೆ. (ಸ್ಪ್ಯಾಮ್ ಫೋಲ್ಡರ್ ಮರೆಯಬಾರದು. ವೇಟಿಂಗ್ ಲಿಸ್ಟ್‌ನಿಂದ ಕರೆ ಬಂದರೆ ಉತ್ತರಿಸುವ ಗಡುವು ಚಿಕ್ಕದಿರಬಹುದು.) ಸಂಜೆ 15 ನಿಮಿಷ ಚಿಂತೆಗಳನ್ನು ಕಾಗದದಲ್ಲಿ ಬರೆಯುವುದು, ‘ಸೀಟು ಸಿಗದಿದ್ದರೆ?’ ಎಂಬುದರ ಎದುರು ಮುಂದಿನ ಅರ್ಜಿಯ ದಿನಾಂಕ. ಮಧ್ಯಾಹ್ನದ ನಂತರ ಕಾಫಿ ಬೇಡ.

ತೊಡಕಿರುವುದು ರಾತ್ರಿಯದ್ದರಲ್ಲಿ. 4 ಸೆಕೆಂಡ್ ಉಸಿರು ಒಳಗೆ, 6 ಸೆಕೆಂಡ್ ಹೊರಗೆ, 5 ನಿಮಿಷ ಎಂದು ಬರೆದಿದ್ದೇವೆ. ನಿಧಾನವಾಗಿ ಉಸಿರು ಬಿಟ್ಟಾಗ ಹೃದಯದ ಬಡಿತ ಇಳಿಯುತ್ತದೆ. ಆದರೆ ಗಾಬರಿಯಲ್ಲಿ ಜೋರಾಗಿ, ಎದೆ ತುಂಬ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತವೆ. ಅದನ್ನೇ ಹೃದಯದ ತೊಂದರೆ ಎಂದುಕೊಂಡು ಭಯ ಹೆಚ್ಚುತ್ತದೆ. ಮೂಗಿನಿಂದ, ಮೆಲ್ಲಗೆ, ಹೊಟ್ಟೆ ಮಾತ್ರ ಏಳುವಷ್ಟು ಎಂದು ಸೇರಿಸಿದರೆ ಸಾಕೇ?

ಉಸಿರಿನ ಮೇಲೆ ಗಮನವಿಟ್ಟರೇ ಆತಂಕ ಏರುವವರಿಗೆ ಏನು ಕೊಡುತ್ತೀರಿ? ಪಾದದಿಂದ ಮೇಲಕ್ಕೆ ಒಂದೊಂದೇ ಸ್ನಾಯುವನ್ನು 5 ಸೆಕೆಂಡ್ ಬಿಗಿಹಿಡಿದು 10 ಸೆಕೆಂಡ್ ಸಡಿಲಿಸುವುದು ನಮ್ಮ ಯೋಚನೆ. 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು ಎಂಬುದೂ ಇದೆ.

ಇನ್ನೊಂದು: ನಿದ್ದೆ, ಊಟ ಎರಡು ವಾರ ಕೆಟ್ಟಿದ್ದರೆ ವೈದ್ಯರನ್ನು ಕಾಣಿ ಎಂದು ಬರೆದಿದ್ದೇವೆ. ಬದುಕೇ ಬೇಡ ಅನ್ನಿಸಿದರೆ ಅದೇ ದಿನ. ಈ ಸಾಲನ್ನು ಪುಟದ ಮೇಲ್ಭಾಗಕ್ಕೆ ತರುವುದೇ? ಮಾನಸಿಕ ಆರೋಗ್ಯ ವಿಭಾಗದ ನರ್ಸ್‌ಗಳು, ಆಪ್ತಸಮಾಲೋಚಕರು ಉತ್ತರಿಸಿದರೆ ಬಹಳ ಉಪಕಾರ.