ಪೀಣ್ಯದಿಂದ ಗುವಾಂಗ್‌ಝೌಗೆ: ಚೀನೀ ಭಾಷೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಮೇಡಂ, ಪೀಣ್ಯದಲ್ಲಿ ಪ್ಯಾಕಿಂಗ್ ಮೆಷಿನ್ ಬಿಡಿಭಾಗಗಳ ವ್ಯಾಪಾರ ನಮ್ಮದು. ಮಾಲು ಬರೋದು ಗುವಾಂಗ್‌ಝೌ ಕಡೆಯಿಂದ. ಇನ್ನು ಆರು ತಿಂಗಳಿಗೆ ಅಲ್ಲಿನ ಕ್ಯಾಂಟನ್ ಫೇರ್ ಎಂಬ ವ್ಯಾಪಾರ ಮೇಳಕ್ಕೆ ಹೋಗಬೇಕು ಅಂತಿದ್ದೀನಿ. ದಿನಕ್ಕೆ ಮುಕ್ಕಾಲು ಗಂಟೆ ಕೊಡಬಲ್ಲೆ. ಪದಗಳನ್ನ ಕನ್ನಡದಲ್ಲೇ ಬರೆದುಕೊಂಡು ಬಾಯಿಪಾಠ ಮಾಡಿದರೆ ನಡೆಯುತ್ತಾ?

ಉತ್ತರ (ಚೀನೀ ಭಾಷಾ ಶಿಕ್ಷಕಿ): ನಡೆಯಲ್ಲ ಸರ್. ಕನ್ನಡದಲ್ಲಿ ಬರೆದುಕೊಂಡರೆ ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಕಳೆದುಹೋಗುತ್ತದೆ. ನಿಮ್ಮ ವ್ಯಾಪಾರದ ಮಾತನ್ನೇ ನೋಡಿ: 'ಮೈ' ಅನ್ನು ಮೂರನೇ ಟೋನ್‌ನಲ್ಲಿ ಹೇಳಿದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ಹೇಳಿದರೆ ಮಾರುವುದು. ಚೀನಾ 1958ರಲ್ಲಿ ಜಾರಿಗೆ ತಂದ ಪಿನ್‌ಯಿನ್ ಎಂಬ ರೋಮನ್ ಬರಹವನ್ನೇ ಟೋನ್ ಗುರುತಿನ ಸಮೇತ ಕಲಿಯಿರಿ. ಮೊದಲ ನಾಲ್ಕು ವಾರ ಬರೀ ಉಚ್ಚಾರಣೆಗೆ ಇಡಿ. ಇಲ್ಲಿ ಅರ್ಥವಾಗಲಿ ಅಂತ ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಟೋನ್ ಸಂಖ್ಯೆ ಹಾಕುತ್ತೇನೆ.

ಪಿನ್‌ಯಿನ್ ಅನ್ನು ಇಂಗ್ಲಿಷಿನಂತೆ ಓದಬೇಡಿ. ಹೆಚ್ಚಿನವರು ಕೆಡುವುದು ಇಲ್ಲೇ. ಬಿ-ಪಿ, ಡಿ-ಟಿ, ಜಿ-ಕೆ ಜೋಡಿಗಳಲ್ಲಿ ಇರುವುದು ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸ. ಬಿ ಎಂದು ಬರೆದದ್ದು ನಮ್ಮ ಪ. ಪಿ ಎಂದು ಬರೆದದ್ದು ಫ. ಫ್ಯಾನಿನ ಫ ಅಲ್ಲ, ತುಟಿ ಕೂಡಿಸಿ ಉಸಿರು ಬಿಡುವ ಫ. ಹಾಗೆಯೇ ಡಿ ಅಂದರೆ ತ, ಟಿ ಅಂದರೆ ಥ, ಜಿ ಅಂದರೆ ಕ, ಕೆ ಅಂದರೆ ಖ. ಆಡುಮಾತಿನಲ್ಲಿ ನಾವು ಮಹಾಪ್ರಾಣ ನುಂಗುತ್ತೇವೆ, ಧನವೂ ದನವೂ ಒಂದೇ ಆಗುತ್ತದೆ. ಚೀನೀಯಲ್ಲಿ 'ಪಾವ್-3 ಲ' ಅಂದರೆ ಹೊಟ್ಟೆ ತುಂಬಿತು, 'ಫಾವ್-3 ಲ' ಅಂದರೆ ಓಡಿಹೋಯಿತು. ಬಾಯಿಯ ಮುಂದೆ ಟಿಶ್ಯೂ ಪೇಪರ್ ಹಿಡಿದು ಹೇಳಿ ನೋಡಿ: ಪಿಗೆ ಹಾಳೆ ಹಾರಬೇಕು, ಬಿಗೆ ಅಲುಗಬಾರದು. ಟಿ, ಕೆಗೆ ಅಂಗೈ ಹಿಡಿದರೆ ಗಾಳಿ ತಾಗಬೇಕು.

ಇನ್ನೊಂದು ನಮ್ಮದೇ ರೂಢಿ, ಕೊನೆಗೆ ಉಕಾರ ಸೇರಿಸುವುದು. ಬಸ್ಸು, ಕಾರು ಅಂದಂತೆ 'ಸಾನ್-1' (ಮೂರು) ಎಂಬುದು 'ಸಾನು' ಆದರೆ ಕೇಳುವವರಿಗೆ ಎರಡು ಪದದ ಹಾಗೆ ಕೇಳಿಸುತ್ತದೆ. ಜೆ, ಕ್ಯೂ, ಎಕ್ಸ್, ವೈ ಅಕ್ಷರಗಳ ನಂತರ ಬರುವ ಯು ನಮ್ಮ ಉ ಅಲ್ಲ. ನಾಲಿಗೆಯನ್ನು 'ಈ' ಸ್ವರ ಹೇಳುವ ಜಾಗದಲ್ಲೇ ಇಟ್ಟು ತುಟಿ ಮಾತ್ರ 'ಊ' ಎನ್ನುವಂತೆ ದುಂಡಗೆ ಮಾಡಿ. 'ಹೋಗು' ಎಂಬ ಪದದಲ್ಲೇ ಇದು ಬರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಆರು ತಿಂಗಳು ಅಂದರೆ ಸುಮಾರು 135 ಗಂಟೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳನ್ನು ಚೀನೀಯಲ್ಲಿ ಪಳಗಿಸಲು ಇಟ್ಟುಕೊಂಡ ಲೆಕ್ಕ 2200 ಗಂಟೆ ತರಗತಿ. ನಿಮಗೆ ಬೆಲೆ, ಸಂಖ್ಯೆ, ತಾರೀಕು, ದಾರಿ, ಊಟದ ಮಾತು ಬರುತ್ತದೆ. ಒಪ್ಪಂದದ ಷರತ್ತು ಮಾತಾಡಲು ದುಭಾಷಿ ಬೇಕೇ ಬೇಕು. ಗುವಾಂಗ್‌ಝೌನಲ್ಲಿ ಕ್ಯಾಂಟನೀಸ್ ಎಂಬ ಅಲ್ಲಿನ ಭಾಷೆಯನ್ನೂ ಮಾತಾಡುತ್ತಾರೆ, ಆದರೆ ವ್ಯಾಪಾರಕ್ಕೆ ಮ್ಯಾಂಡರಿನ್, ಅಂದರೆ ನಾನಿಲ್ಲಿ ಹೇಳುತ್ತಿರುವ ಚೀನೀ, ಸಾಕು. ಎರಡಕ್ಕೂ ಕೈ ಹಾಕಬೇಡಿ.

ಇನ್ನೊಬ್ಬ ಸದಸ್ಯರು: ಟೋನ್ ಒಂದೊಂದಾಗಿ ಹೇಳಿದರೆ ಸರಿ ಬರುತ್ತೆ ಮೇಡಂ, ವಾಕ್ಯದಲ್ಲಿ ಕೆಡುತ್ತೆ. ಯಾಕೆ?

ಶಿಕ್ಷಕಿ: ಮೂರನೇ ಟೋನ್ ಇಳಿದು ಏರುತ್ತದೆ ಅಂತ ಚಿತ್ರ ಬರೆದು ಕಲಿಸುತ್ತಾರಲ್ಲ, ಅದೇ ತೊಂದರೆ. ಪದ ಒಂಟಿಯಾಗಿದ್ದಾಗಲೋ ಕೊನೆಯಲ್ಲಿದ್ದಾಗಲೋ ಮಾತ್ರ ಅದು ಏರಬಹುದು. ಮಾತಿನ ನಡುವೆ ಕೆಳಗೇ ಉಳಿಯುತ್ತದೆ, ಏರಿಸಬೇಡಿ. ಎರಡು ಮೂರನೇ ಟೋನ್ ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಟೋನ್ ಆಗುತ್ತದೆ: 'ನೀ-3 ಹಾವ್-3' ಅಂತ ಬರೆದಿದ್ದರೂ ಹೇಳುವುದು 'ನೀ-2 ಹಾವ್-3'.

ಎರಡನೆಯ ಕಾರಣ, ಪ್ರಶ್ನೆ ಕೇಳುವಾಗ ಕೊನೆಯಲ್ಲಿ ದನಿ ಏರಿಸುವ ನಮ್ಮ ಅಭ್ಯಾಸ. ಹಾಗೆ ಏರಿಸಿದರೆ ಕೊನೆಯ ಪದದ ಇಳಿಯುವ ನಾಲ್ಕನೇ ಟೋನ್, ಏರುವ ಎರಡನೆಯದರಂತೆ ಕೇಳಿಸುತ್ತದೆ. ನಮ್ಮ 'ಬರ್ತೀರಾ'ದ ಕೊನೆಯ 'ಆ' ಮಾಡುವ ಕೆಲಸವನ್ನು ಅಲ್ಲಿ ವಾಕ್ಯದ ಕೊನೆಯ 'ಮ' ಮಾಡುತ್ತದೆ, ಪದದ ಟೋನ್ ಕೆಡಿಸಬೇಕಿಲ್ಲ.

ಅಭ್ಯಾಸವನ್ನು ಜೋಡಿಪದಗಳಲ್ಲೇ ಮಾಡಿ. ನಾಲ್ಕು ಟೋನ್‌ಗಳ ಪ್ರತಿಯೊಂದರ ಮುಂದೆ ನಾಲ್ಕು, ಜೊತೆಗೆ ಟೋನ್ ಇಲ್ಲದ ಹಗುರ ಉಚ್ಚಾರ ಸೇರಿ 20 ಜೋಡಿ. ಪ್ರತಿ ಜೋಡಿಗೆ ಎರಡು ಪದ ಆರಿಸಿ. ಚೀನೀಯರ ದನಿ ಕೇಳಿ, ನಿಮ್ಮದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೊಂದು ಕೇಳಿ. ದಿನಕ್ಕೆ ಹತ್ತು ನಿಮಿಷ ಸಾಕು, ಬಿಡದೆ ಮಾಡಬೇಕು.

ಉತ್ತರ (ವ್ಯಾಪಾರ ಮೇಳಗಳ ದುಭಾಷಿ): ಪೀಣ್ಯದ ಸರ್‌ಗೆ ಸಂಖ್ಯೆಯ ಬಗ್ಗೆ ಒಂದಿಷ್ಟು. ನಾಲ್ಕರ ಚೀನೀ ಪದಕ್ಕೆ ಸಕಾರ, ಹತ್ತರ ಪದಕ್ಕೆ ನಾಲಿಗೆ ಮಡಚಿದ ಷಕಾರ. ಹದಿನಾಲ್ಕರಲ್ಲಿ ಷ ಮೊದಲು, ನಲವತ್ತರಲ್ಲಿ ಸ ಮೊದಲು. ಬೆಲೆ ತಪ್ಪಾಗಿ ಕೇಳಿಸುವುದು ಹೆಚ್ಚಾಗಿ ಇಲ್ಲೇ. ಲಕ್ಷ, ಕೋಟಿ ಅಲ್ಲಿಲ್ಲ. ಹತ್ತು ಸಾವಿರಕ್ಕೆ ಒಂದು 'ವಾನ್-4'. ಬಲದಿಂದ ನಾಲ್ಕು ಅಂಕಿ ಬಿಟ್ಟು ಗೆರೆ ಹಾಕಿ: 2,50,000 ಅಂದರೆ 25 ವಾನ್, ಒಂದು ಕೋಟಿ ಅಂದರೆ ಸಾವಿರ ವಾನ್. ಎಣಿಸುವಾಗ ಎರಡಕ್ಕೆ 'ಅರ್-4', 'ಎರಡು ಮೆಷಿನ್' ಅನ್ನುವಾಗ 'ಲಿಯಾಂಗ್-3'. ಮೆಷಿನ್ ಎಣಿಸಲು ಸಂಖ್ಯೆಯ ನಂತರ 'ಥೈ-2' ಸೇರಿಸಬೇಕು. ಫೋನ್ ನಂಬರ್ ಹೇಳುವಾಗ ಒಂದಕ್ಕೆ 'ಯಾವ್-1' ಅಂತಾರೆ, ಗಾಬರಿ ಬೀಳಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯ್ತು. ಹಾಗಾದರೆ ಅಕ್ಷರ ಪೂರ್ತಿ ಬಿಡಬಹುದಾ? ವ್ಯಾಕರಣಕ್ಕೆ ಏನು ಮಾಡಲಿ?

ಶಿಕ್ಷಕಿ: ಕೈಬರಹ ಬಿಡಿ, ಓದುವುದನ್ನು ಬಿಡಬೇಡಿ. ಚೀನೀ ವ್ಯಾಪಾರಿಗಳು ವಿಚಾಟ್ ಎಂಬ ಮೆಸೇಜ್ ಆ್ಯಪ್‌ನಲ್ಲೇ ಮಾತಾಡುತ್ತಾರೆ. ಫೋನ್ ಕೀಬೋರ್ಡ್‌ನಲ್ಲಿ ಸರಳೀಕೃತ ಚೀನೀ ಪಿನ್‌ಯಿನ್ ಹಾಕಿಕೊಂಡು 'ಮೈ' ಅಂತ ಒತ್ತಿದರೆ ಕೊಳ್ಳು, ಮಾರು ಎರಡೂ ಪಟ್ಟಿಯಲ್ಲಿ ಬರುತ್ತವೆ. ಸರಿಯಾದದ್ದನ್ನು ನೀವೇ ಆರಿಸಬೇಕು. ಕೊಳ್ಳುವುದರ ಅಕ್ಷರದ ತಲೆಯ ಮೇಲೆ ಕೂಡುವ ಚಿಹ್ನೆಯಂಥ ಗುರುತಿದ್ದರೆ ಅದು ಮಾರುವುದು. ತುಟಿ ದುಂಡಗೆ ಮಾಡುವ ಆ ಸ್ವರ ನ, ಲಗಳ ಜೊತೆ ಬಂದಾಗ ಕೀಬೋರ್ಡ್‌ನಲ್ಲಿ ವಿ ಒತ್ತಬೇಕು.

ಆದರೂ ಮೊದಲ 50 ಅಕ್ಷರ ಪೆನ್ನಿನಲ್ಲಿ ಬರೆಯಿರಿ, ಗೆರೆಗಳ ಲೆಕ್ಕ ಕಣ್ಣಿಗೆ ಸಿಗಲಿ. 'ಬಾಯಿ' ಎಂಬ ಚೌಕಾಕಾರದ ಅಕ್ಷರಕ್ಕೆ ನಾಲ್ಕಲ್ಲ, ಮೂರೇ ಗೆರೆ: ಎಡಗೆರೆ ಮೇಲಿನಿಂದ ಕೆಳಕ್ಕೆ, ಆಮೇಲೆ ಮೇಲ್ಗೆರೆ ಎಳೆದು ಪೆನ್ನೆತ್ತದೆ ಬಲಕ್ಕೆ ಇಳಿಸಿ, ಕೊನೆಗೆ ತಳ. ಪದ ನೋಡಲು ಪ್ಲೀಕೊ ನಿಘಂಟು ಇಟ್ಟುಕೊಳ್ಳಿ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ವ್ಯಾಕರಣವನ್ನು ಕನ್ನಡದ ಮೂಲಕ ನೋಡಿದರೆ ಅರ್ಧ ಭಯ ಹೋಗುತ್ತದೆ. 'ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ' ಅನ್ನುವಲ್ಲಿ ಅವರೂ ಊರನ್ನು ಕ್ರಿಯಾಪದದ ಮೊದಲೇ ಹೇಳುತ್ತಾರೆ. 'ನಾನು ಕೊಂಡ ಮೆಷಿನ್' ಕೂಡ ಅದೇ ಕ್ರಮ, ನಡುವೆ 'ತ' ಎಂಬ ಕೊಂಡಿ ಬರುತ್ತದೆ ಅಷ್ಟೆ. 'ಹೋಗಲ್ಲ' ಅನ್ನಲು 'ಪೂ', 'ಹೋಗಿಲ್ಲ' ಅನ್ನಲು 'ಮೇಯ್'. ಕರ್ಮಪದ ಮಾತ್ರ ಕ್ರಿಯಾಪದದ ನಂತರ: 'ನಾನು ಕೊಳ್ಳು ಮೆಷಿನ್'. ಮೊದಲ ತಿಂಗಳು ಈ ಒಂದನ್ನೇ ತಿದ್ದಿಕೊಳ್ಳಿ, ಕೆಲಸ ಆಯಿತು ಎಂದು ಸೂಚಿಸುವ 'ಲ'ದ ತಂಟೆಗೆ ಈಗಲೇ ಹೋಗಬೇಡಿ.